ಸೊನ್ನೆಗೆ ಮರಳದ ಮುಳ್ಳು: ನಕಲಿ ಕ್ರೋನೋಗ್ರಾಫ್ ವಾಚನ್ನು ಮನೆಯಲ್ಲೇ ಸರಿಪಡಿಸಬಹುದೇ?

ಪ್ರಶ್ನೆ: ಮೂರು ವರ್ಷಗಳ ಹಿಂದೆ ರೋಲೆಕ್ಸ್ ಡೇಟೋನಾವನ್ನು ಹೋಲುವ ಒಂದು ನಕಲಿ ಕ್ರೋನೋಗ್ರಾಫ್ ವಾಚನ್ನು (ಸ್ಟಾಪ್‌ವಾಚ್ ಕೂಡ ಇರುವ ಕೈಗಡಿಯಾರ), ನಕಲಿ ಎಂದು ತಿಳಿದೇ ಕೊಂಡೆ. ಒಳಗಿರುವುದು 7750 ಎಂಬ ಸ್ವಿಸ್ ಮೂವ್‌ಮೆಂಟ್‌ನ (ವಾಚನ್ನು ನಡೆಸುವ ಒಳಯಂತ್ರ) ಪ್ರತಿರೂಪ ಎಂದು ಮಾರಿದವರು ಹೇಳಿದ್ದರು. ಒಂದು ವರ್ಷ ಚೆನ್ನಾಗಿ ನಡೆಯಿತು. ಆಮೇಲೆ ಸ್ಟಾಪ್‌ವಾಚ್ ಚಾಲೂ ಮಾಡಿದ ಐದಾರು ನಿಮಿಷಗಳಲ್ಲಿ ವಾಚೇ ನಿಲ್ಲತೊಡಗಿತು. ಉಪಕರಣಗಳನ್ನು ತರಿಸಿಕೊಂಡು ನಾನೇ ಬಿಚ್ಚಿದೆ, ಕಂಡಲ್ಲೆಲ್ಲ ಒಂದೊಂದು ಹನಿ ಎಣ್ಣೆ ಹಾಕಿದೆ, ಜೊತೆಗೆ ಹೊಸ ಮುಳ್ಳುಗಳನ್ನೂ ಸಫೈರ್ ಗಾಜನ್ನೂ ಹಾಕಿದೆ. ಈಗ ನಡುವಿನ ಸೆಕೆಂಡ್ ಮುಳ್ಳು ಸೊನ್ನೆಗೆ ಮರಳದೆ ಎರಡು ಸೆಕೆಂಡ್ ಮುಂದೆ ನಿಲ್ಲುತ್ತದೆ. ನಾಲ್ಕು ಸಲ ಕಿತ್ತು ಕೂಡಿಸಿದರೂ ಪ್ರಯೋಜನವಾಗಿಲ್ಲ. ತಂಪು ಹೊತ್ತಿನಲ್ಲಿ ಗಾಜಿನ ಒಳಗೆ ಮಂಜು ಕಟ್ಟುತ್ತದೆ. ಎರಡು ಸ್ಕ್ರೂಗಳ ತಲೆ ಹಾಳಾಗಿದೆ. ತರಿಸಿಟ್ಟುಕೊಂಡಿರುವ ಉತ್ತಮ ದರ್ಜೆಯ ಡಯಲ್ ಕೂಡುತ್ತಲೇ ಇಲ್ಲ. ಅಸಲಿ ಸ್ವಿಸ್ 7750 ಮೂವ್‌ಮೆಂಟ್ ಹಾಕಿದರೆ ಎಲ್ಲವೂ ಸರಿಹೋಗುತ್ತದೆ ಎಂದು ಸ್ನೇಹಿತರೊಬ್ಬರು ಹೇಳುತ್ತಾರೆ. ಹಾಗೆ ಮಾಡಲೇ, ಅಥವಾ ಇದನ್ನು ಕೈಬಿಡಲೇ?

ಉತ್ತರ: ನಿಮ್ಮ ಪತ್ರದಲ್ಲಿ ಹಲವು ದೋಷಗಳ ಪಟ್ಟಿ ಇದೆ, ಆದರೆ ಅದರ ಕೆಳಗೆ ಇರುವ ಪ್ರಶ್ನೆ ಒಂದೇ ಎಂದು ನನಗನಿಸುತ್ತದೆ: ತಪ್ಪಿರುವುದು ನನ್ನ ಕೈಯಲ್ಲೋ, ವಾಚಿನಲ್ಲೋ? ಇಷ್ಟು ವರ್ಷ ಕ್ರೋನೋಗ್ರಾಫ್‌ಗಳನ್ನು ಬಿಚ್ಚಿ ಕೂಡಿಸಿದ ಅನುಭವದಿಂದ ಹೇಳುವುದಾದರೆ, ಹಾಳಾದ ಸ್ಕ್ರೂಗಳು, ಒಳಗಿನ ಮಂಜು ಮತ್ತು ಎರಡು ಸೆಕೆಂಡಿನ ವ್ಯತ್ಯಾಸ ನಿಮ್ಮ ಕೈಯಿಂದ ಆದವು. ಇವು ಕಲಿಯುವವರೆಲ್ಲರಿಂದಲೂ ಆಗುವಂಥವು, ತಿದ್ದಿಕೊಳ್ಳಬಹುದಾದವು. ಆದರೆ ಎಲ್ಲಕ್ಕಿಂತ ಮೊದಲು ಕಾಣಿಸಿಕೊಂಡ ದೋಷ, ಅಂದರೆ ಸ್ಟಾಪ್‌ವಾಚ್ ಚಾಲೂ ಮಾಡಿದರೆ ವಾಚೇ ನಿಲ್ಲುವುದು, ನಿಮ್ಮದಲ್ಲ. ಅದು ಆ ಯಂತ್ರದ ರಚನೆಯಲ್ಲೇ ಇದೆ. ದುರಸ್ತಿ ಎಂದರೆ ಯಂತ್ರವನ್ನು ಅದರ ಸರಿಯಾದ ಸ್ಥಿತಿಗೆ ಮರಳಿಸುವುದು. ಅಸಲಿ ಮೂವ್‌ಮೆಂಟ್‌ಗೆ ಆ ಸ್ಥಿತಿ ಯಾವುದೆಂದು ತಯಾರಕರ ತಾಂತ್ರಿಕ ಹಾಳೆಯಲ್ಲಿ ಬರೆದಿರುತ್ತದೆ: ಯಾವ ಪಿವಟ್‌ಗೆ (ಚಕ್ರದ ಅಚ್ಚಿನ ಸಪೂರ ತುದಿ) ಯಾವ ಎಣ್ಣೆ, ಯಾವ ಚಕ್ರಕ್ಕೆ ಎಷ್ಟು ಸಡಿಲ, ಯಾವ ಮುಳ್ಳಿಗೆ ಎಷ್ಟು ರಂಧ್ರ. ನಿಮ್ಮ ಕೈಯಲ್ಲಿರುವ ಯಂತ್ರಕ್ಕೆ ಅಂಥ ಹಾಳೆ ಇಲ್ಲ, ಏಕೆಂದರೆ ಅದು ಮುಂದಿನ ಭಾಗವನ್ನು ಬೇರೊಂದು ವಾಚಿನಂತೆ ತೋರಿಸುವುದಕ್ಕಾಗಿ ಮಾರ್ಪಡಿಸಿದ ಯಂತ್ರ. ನಿಮ್ಮ ಹತಾಶೆಯ ಬಹುಪಾಲು ಇಲ್ಲಿಂದ ಬಂದದ್ದು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ವಾಲ್ಜೂ 7750 ಎಂಬ ಸ್ವಯಂಚಾಲಿತ ಕ್ರೋನೋಗ್ರಾಫ್ ಮೂವ್‌ಮೆಂಟನ್ನು 1970ರ ದಶಕದ ಆರಂಭದಲ್ಲಿ ಎಡ್ಮಂಡ್ ಕ್ಯಾಪ್ಟ್ ರೂಪಿಸಿದರು. ವ್ಯಾಸ 30 ಮಿಲಿಮೀಟರ್, ದಪ್ಪ 7.9 ಮಿಲಿಮೀಟರ್, ಗಂಟೆಗೆ 28,800 ಬಡಿತ, ಅಂದರೆ ಸೆಕೆಂಡಿಗೆ ಎಂಟು. ಇದರ ಸಣ್ಣ ಡಯಲ್‌ಗಳ ಸ್ಥಾನ ಮೂಲದಲ್ಲೇ ನಿಗದಿಯಾಗಿದೆ: ನಿಮಿಷಗಳ ಎಣಿಕೆ 12ರ ಕೆಳಗೆ, ಗಂಟೆಗಳ ಎಣಿಕೆ 6ರ ಮೇಲೆ, ಸದಾ ಓಡುವ ಸಣ್ಣ ಸೆಕೆಂಡ್ ಮುಳ್ಳು 9ರ ಬಳಿ. ಡೇಟೋನಾದಲ್ಲಿ 2000ದಲ್ಲಿ ಬಂದ 4130 ಮೂವ್‌ಮೆಂಟ್‌ನ ಹೊತ್ತಿನಿಂದ ಓಡುವ ಸೆಕೆಂಡ್ ಇರುವುದು 6ರ ಬಳಿ, ಎಣಿಕೆಯ ಡಯಲ್‌ಗಳು 3 ಮತ್ತು 9ರ ಬಳಿ. ಹಾಗಾಗಿ 7750ರ ಪ್ರತಿರೂಪವನ್ನು ಡೇಟೋನಾದಂತೆ ತೋರಿಸಬೇಕಾದರೆ ಡಯಲ್‌ನ ಕೆಳಗೆ ಇನ್ನೊಂದು ತಟ್ಟೆ ಕೂಡಿಸಿ, ಹೆಚ್ಚುವರಿ ಹಲ್ಲುಚಕ್ರಗಳ ಮೂಲಕ 9ರ ಬಳಿಯ ತಿರುಗಾಟವನ್ನು 6ರ ಬಳಿಗೆ ಸಾಗಿಸಬೇಕು. ಎಣಿಕೆಯ ಮುಳ್ಳುಗಳಿಗೂ ಇದೇ ರೀತಿಯ ಸಾಗಣೆ ಬೇಕು.

ತೊಂದರೆ ಹುಟ್ಟುವುದು ಈ ಸಾಗಣೆಯಲ್ಲಿ. ಕೀಲಿ ಕೊಟ್ಟಾಗ ಸುತ್ತಿಕೊಳ್ಳುವ ಮೇನ್‌ಸ್ಪ್ರಿಂಗ್‌ನಿಂದ ಹೊರಟ ಬಲ ಒಂದೊಂದು ಚಕ್ರ ದಾಟಿದಂತೆ ವೇಗ ಹೆಚ್ಚಿಸಿಕೊಳ್ಳುತ್ತ, ತಿರುಗಿಸುವ ಶಕ್ತಿಯನ್ನು ಕಳೆದುಕೊಳ್ಳುತ್ತ ಹೋಗುತ್ತದೆ. ನಿಮಿಷಕ್ಕೆ ಒಂದು ಸುತ್ತು ತಿರುಗುವ ನಾಲ್ಕನೆಯ ಚಕ್ರದ ಹತ್ತಿರ ಬರುವ ಹೊತ್ತಿಗೆ ಉಳಿದಿರುವ ಶಕ್ತಿ ಬಹಳ ಕಡಿಮೆ, ಉಸಿರು ತಾಗಿದರೂ ನಿಲ್ಲುವಷ್ಟು ಎನ್ನಬಹುದು. ಮೂಲ 7750ರಲ್ಲಿ ಈ ಚಕ್ರದ ಉದ್ದನೆಯ ಪಿವಟ್‌ಗೇ ಸಣ್ಣ ಸೆಕೆಂಡ್ ಮುಳ್ಳನ್ನು ನೇರವಾಗಿ ಕೂಡಿಸಿರುತ್ತಾರೆ, ಆದ್ದರಿಂದ ಆ ಮುಳ್ಳಿನ ಭಾರ ಲೆಕ್ಕಕ್ಕೇ ಬರುವುದಿಲ್ಲ. ಅದೇ ಚಕ್ರ, ಬಲವನ್ನು ಟಿಕ್ ಟಿಕ್ ಎಂದು ಹಂತಹಂತವಾಗಿ ಬಿಡುವ ಎಸ್ಕೇಪ್ ಚಕ್ರವನ್ನು ತಿರುಗಿಸುತ್ತದೆ. ಸ್ಟಾಪ್‌ವಾಚ್ ಚಾಲೂ ಮಾಡಿದಾಗ, ನಾಲ್ಕನೆಯ ಚಕ್ರದೊಂದಿಗೆ ಸದಾ ಹಲ್ಲು ಕೂಡಿರುವ ಒಂದು ಓಲಾಡುವ ಪಿನಿಯನ್ (ಚಿಕ್ಕ ಹಲ್ಲುಚಕ್ರ) ವಾಲಿಕೊಂಡು, ನಡುವಿನ ಕ್ರೋನೋಗ್ರಾಫ್ ಚಕ್ರಕ್ಕೆ ಬಲವನ್ನು ಒಯ್ಯುತ್ತದೆ. ಈ ಓಲಾಡುವ ಪಿನಿಯನ್ ಎಡ್ವರ್ಡ್ ಹೊಯರ್ 1887ರಲ್ಲಿ ಪೇಟೆಂಟ್ ಪಡೆದ ಉಪಾಯ, ಸರಳವೂ ಗಟ್ಟಿಯೂ ಆದದ್ದು. ಮೂಲ ರಚನೆಯಲ್ಲಿ ನಾಲ್ಕನೆಯ ಚಕ್ರ ಈ ಎರಡು ಹೊರೆಗಳನ್ನು ಹೊರಲು ಸಿದ್ಧವಾಗಿದೆ. ನಿಮ್ಮ ವಾಚಿನಲ್ಲಿ ಅದರ ಮೇಲೆ ಮೂರನೆಯ ಹೊರೆಯಾಗಿ ಸಾಗಣೆಯ ಚಕ್ರಗಳು ಕೂತಿವೆ. ಅವುಗಳಿಗೆ ಹಲವು ಬಾರಿ ಜ್ಯೂವೆಲ್, ಅಂದರೆ ಘರ್ಷಣೆ ತಗ್ಗಿಸುವ ಕಲ್ಲಿನ, ಆಧಾರವೂ ಇರುವುದಿಲ್ಲ. ಬರಿಯ ಉಕ್ಕಿನ ಕಂಬದ ಮೇಲೆ ಹಿತ್ತಾಳೆ ತಿರುಗುತ್ತಿರುತ್ತದೆ, ಕಾರ್ಖಾನೆಯಿಂದ ಬರುವಾಗಲೇ ಒಣಗಿರುತ್ತದೆ ಅಥವಾ ಅತಿಯಾದ ಗ್ರೀಸ್‌ನಲ್ಲಿ ಮುಳುಗಿರುತ್ತದೆ. ಮೊದಲ ವರ್ಷ ಹೇಗೋ ನಡೆಯುತ್ತದೆ, ಎಣ್ಣೆ ಹಳತಾಗಿ ಘರ್ಷಣೆ ಸ್ವಲ್ಪ ಹೆಚ್ಚಿದಾಗ ಸ್ಟಾಪ್‌ವಾಚ್‌ನ ಹೊರೆ ತಾಳಲಾರದೆ ಇಡೀ ವಾಚ್ ನಿಲ್ಲುತ್ತದೆ. ನಿಮ್ಮಲ್ಲಿ ನಡೆದದ್ದು ಇದೇ ಆಗಿರಬೇಕು.

ಊಹೆಯನ್ನು ಅಳತೆಯಿಂದ ಖಚಿತಪಡಿಸಿಕೊಳ್ಳದೆ ಮುಂದೆ ಯಾವ ಸ್ಕ್ರೂವನ್ನೂ ಮುಟ್ಟಬೇಡಿ. ಟೈಮ್‌ಗ್ರಾಫರ್ ಎಂಬ ಸಣ್ಣ ಯಂತ್ರ ವಾಚಿನ ಟಿಕ್ ಶಬ್ದವನ್ನು ಕೇಳಿ ಮೂರು ಸಂಗತಿಗಳನ್ನು ತೋರಿಸುತ್ತದೆ: ದಿನಕ್ಕೆ ಎಷ್ಟು ಸೆಕೆಂಡ್ ಹೆಚ್ಚು ಕಡಿಮೆ, ಎಡ ಬಲ ತೂಗಾಟದಲ್ಲಿ ಎಷ್ಟು ಅಸಮತೆ, ಮತ್ತು ಹಿಂದೆ ಮುಂದೆ ತೂಗುತ್ತ ಸಮಯ ಕಾಯುವ ಬ್ಯಾಲೆನ್ಸ್ ಚಕ್ರ ಎಷ್ಟು ಡಿಗ್ರಿ ತೂಗುತ್ತಿದೆ ಎಂಬ ಆಂಪ್ಲಿಟ್ಯೂಡ್. 7750 ಮತ್ತು ಅದರ ಪ್ರತಿರೂಪಗಳಿಗೆ ಟೈಮ್‌ಗ್ರಾಫರ್‌ನಲ್ಲಿ ಲಿಫ್ಟ್ ಆಂಗಲನ್ನು (ಆಂಪ್ಲಿಟ್ಯೂಡ್ ಲೆಕ್ಕಕ್ಕೆ ಬೇಕಾದ, ಆಯಾ ಮೂವ್‌ಮೆಂಟ್‌ಗೆ ನಿಗದಿಯಾದ ಕೋನ) 49 ಡಿಗ್ರಿಗೆ ಇಡಬೇಕು. ಅಲ್ಲಿ ತಪ್ಪು ಸಂಖ್ಯೆ ಇದ್ದರೆ ಆಂಪ್ಲಿಟ್ಯೂಡ್ ಕೂಡ ತಪ್ಪಾಗಿಯೇ ಬರುತ್ತದೆ. ಕ್ರೌನ್ (ಪಕ್ಕದ ತಿರುಗುಗುಂಡಿ) ತಿರುಗಿಸಿ ಕೀಲಿ ಪೂರ್ತಿ ಕೊಡಿ, ವಾಚನ್ನು ಮುಖ ಮೇಲಾಗಿ ಇಟ್ಟು, ಮೊದಲು ಸ್ಟಾಪ್‌ವಾಚ್ ನಿಲ್ಲಿಸಿ ಅಳೆಯಿರಿ, ಆಮೇಲೆ ಚಾಲೂ ಮಾಡಿ ಅಳೆಯಿರಿ. ಆರೋಗ್ಯವಾಗಿರುವ ಯಂತ್ರದಲ್ಲಿ ಮೊದಲ ಸಂಖ್ಯೆ ಸುಮಾರು 270ರಿಂದ 300 ಡಿಗ್ರಿ ಇರುತ್ತದೆ. ಸ್ಟಾಪ್‌ವಾಚ್ ಚಾಲೂ ಆದಾಗ ಇಪ್ಪತ್ತು ಮೂವತ್ತು ಡಿಗ್ರಿ ಇಳಿಯುವುದು ಸಹಜ. ನಿಮ್ಮದು 220ರಲ್ಲಿ ಆರಂಭವಾಗಿ ಸ್ಟಾಪ್‌ವಾಚ್ ಚಾಲೂ ಆದೊಡನೆ 170ಕ್ಕೆ ಕುಸಿದರೆ ಹೊರೆಯೇ ಕಾರಣ. ಮೊದಲ ಸಂಖ್ಯೆ 280 ಇದ್ದೂ ಚಾಲೂ ಮಾಡಿದಾಗ ಮಾತ್ರ ಕುಸಿದರೆ ದೋಷ ಕ್ರೋನೋಗ್ರಾಫ್ ಭಾಗದಲ್ಲಿದೆ ಎಂದರ್ಥ. ಸಾಗಣೆಯ ಚಕ್ರಗಳನ್ನು ತಾತ್ಕಾಲಿಕವಾಗಿ ತೆಗೆದು ಇದೇ ಅಳತೆಯನ್ನು ಮತ್ತೊಮ್ಮೆ ಮಾಡಿದರೆ ಉತ್ತರ ಇನ್ನೂ ಸ್ಪಷ್ಟವಾಗುತ್ತದೆ. ಆಂಪ್ಲಿಟ್ಯೂಡ್ ನಲವತ್ತು ಡಿಗ್ರಿ ಮೇಲೇರಿದರೆ ಅಪರಾಧಿ ಸಿಕ್ಕಂತೆಯೇ.

ಎಣ್ಣೆಯ ವಿಚಾರ. ಕಂಡಲ್ಲೆಲ್ಲ ಒಂದು ಹನಿ ಎಂಬುದು ಬಹಳ ಹಳೆಯ ನಂಬಿಕೆ, ಆದರೆ ವಾಚಿಗೆ ಅದು ಹಾನಿಕರ. ವಾಚಿನಲ್ಲಿ ಎಣ್ಣೆ ಇರುವುದು ಹನಿಗಳಲ್ಲಿ ಅಲ್ಲ. ಜ್ಯೂವೆಲ್‌ನ ಬಟ್ಟಲಿನ ಒಂದು ಪಾಲನ್ನಷ್ಟೇ ತುಂಬುವ, ಭೂತಗನ್ನಡಿಯಲ್ಲಿ ಮಾತ್ರ ಕಾಣುವ ಒಂದು ಹೊಳಪಿನ ಉಂಗುರದಷ್ಟು. ವೇಗದ ಪಿವಟ್‌ಗಳಿಗೆ ಮೋಬಿಯಸ್ 9010ರಂತಹ ತೆಳು ಎಣ್ಣೆ, ನಿಧಾನವಾಗಿ ತಿರುಗುವ ಹೆಚ್ಚು ಒತ್ತಡದ ಜಾಗಗಳಿಗೆ ದಪ್ಪ ಎಣ್ಣೆ, ಎಸ್ಕೇಪ್ ಚಕ್ರವನ್ನು ತಡೆದು ಬಿಡುವ ಪ್ಯಾಲೆಟ್ ಕಲ್ಲುಗಳಿಗೆ 9415ರಂತಹ ಗ್ರೀಸ್. ಪ್ಯಾಲೆಟ್ ಫೋರ್ಕ್‌ನ ಪಿವಟ್‌ಗಳಿಗೆ ಸಾಮಾನ್ಯವಾಗಿ ಏನೂ ಇಲ್ಲ. ಹೆಚ್ಚಾದ ಎಣ್ಣೆ ಇದ್ದಲ್ಲಿ ಇರುವುದಿಲ್ಲ, ಹರಡುತ್ತ ಹೋಗಿ ಧೂಳನ್ನು ಹಿಡಿಯುತ್ತದೆ. ಬ್ಯಾಲೆನ್ಸ್ ಚಕ್ರವನ್ನು ತೂಗಿಸುವ ಹೇರ್‌ಸ್ಪ್ರಿಂಗ್‌ಗೆ ತಗುಲಿದರೆ ಅದರ ಸುರುಳಿಗಳು ಒಂದಕ್ಕೊಂದು ಅಂಟಿಕೊಂಡು ವಾಚ್ ದಿನಕ್ಕೆ ಹಲವಾರು ನಿಮಿಷ ಮುಂದೆ ಓಡತೊಡಗುತ್ತದೆ. ಹಳೆಯ ಎಣ್ಣೆಯ ಮೇಲೆ ಹೊಸ ಎಣ್ಣೆ ಹಾಕಿದರೆ ಅದು ಅಂಟಾಗುತ್ತದೆಯೇ ಹೊರತು ಶುದ್ಧವಾಗುವುದಿಲ್ಲ. ಆದ್ದರಿಂದ ನಿಮ್ಮ ಯಂತ್ರಕ್ಕೆ ಈಗ ಬೇಕಿರುವುದು ಪೂರ್ತಿ ಬಿಚ್ಚಿ ತೊಳೆಯುವ ಕೆಲಸ, ಇನ್ನಷ್ಟು ಎಣ್ಣೆಯಲ್ಲ. ಬಾಗಿಲಿನ ಕೀಲಿಗೆ ಹೊಡೆಯುವ ಸ್ಪ್ರೇಯನ್ನು ಬಳಸಿದ್ದರೆ, ದಯವಿಟ್ಟು ತೊಳೆಯುವವರಿಗೆ ಅದನ್ನು ಮುಚ್ಚಿಡದೆ ಹೇಳಿ.

ಇನ್ನು ಎರಡು ಸೆಕೆಂಡ್ ಮುಂದೆ ನಿಲ್ಲುವ ಮುಳ್ಳು. ಇದು ಕ್ರೋನೋಗ್ರಾಫ್‌ನಲ್ಲಿ ನನಗೆ ಅತ್ಯಂತ ಪ್ರಿಯವಾದ ಭಾಗವಾದ್ದರಿಂದ ಸ್ವಲ್ಪ ವಿವರಿಸಲು ಅವಕಾಶ ಕೊಡಿ. ನಡುವಿನ ಕ್ರೋನೋಗ್ರಾಫ್ ಚಕ್ರದ ಮೇಲೆ ಹೃದಯದ ಆಕಾರದ ಒಂದು ಕ್ಯಾಮ್ (ಅಂಚಿನ ಆಕಾರದಿಂದ ಚಲನೆಯನ್ನು ನಿರ್ಧರಿಸುವ ತುಂಡು) ಕೂತಿರುತ್ತದೆ. 1844ರಲ್ಲಿ ಅಡಾಲ್ಫ್ ನಿಕೋಲ್ ಪೇಟೆಂಟ್ ಪಡೆದ ಈ ಆಕಾರ ಇಂದಿಗೂ ಹಾಗೆಯೇ ಉಳಿದಿದೆ. ಮುಳ್ಳು ಎಲ್ಲೇ ಇರಲಿ, ಸುತ್ತಿಗೆ ಎಂದು ಕರೆಯುವ ಸನ್ನೆಯೊಂದು (ಸನ್ನೆಕೋಲು) ಬಂದು ಆ ಹೃದಯದ ಅಂಚನ್ನು ಒತ್ತಿದರೆ, ಹೃದಯ ತನ್ನ ಚಿಕ್ಕ ಬದಿ ಸುತ್ತಿಗೆಗೆ ಎದುರಾಗುವವರೆಗೆ ತಾನಾಗಿ ತಿರುಗಿ ನಿಲ್ಲುತ್ತದೆ. ಅಂದರೆ ಚಕ್ರ ಯಾವಾಗಲೂ ಒಂದೇ ಜಾಗಕ್ಕೆ ಮರಳುತ್ತದೆ. ಮುಳ್ಳು ಮರಳದಿದ್ದರೆ ಮೂರು ಸಾಧ್ಯತೆಗಳಿವೆ: ಮುಳ್ಳು ಪಿವಟ್ ಮೇಲೆ ಜಾರುತ್ತಿದೆ, ಮುಳ್ಳನ್ನು ಕೂಡಿಸುವಾಗಲೇ ಸ್ಥಾನ ತಪ್ಪಿದೆ, ಅಥವಾ ಸುತ್ತಿಗೆ ಪೂರ್ತಿ ಕೂರುತ್ತಿಲ್ಲ.

ಯಾವುದೆಂದು ತಿಳಿಯುವುದು ಕಷ್ಟವಲ್ಲ. ಹತ್ತು ಸಲ ಚಾಲೂ ಮಾಡಿ, ನಿಲ್ಲಿಸಿ, ಸೊನ್ನೆಗೆ ತನ್ನಿ. ಪ್ರತಿ ಸಲವೂ ಅದೇ ಎರಡು ಸೆಕೆಂಡಿನ ಮುಂದೆ ನಿಂತರೆ ಮುಳ್ಳು ಗಟ್ಟಿಯಾಗಿದೆ, ಕೂಡಿಸಿದ ಸ್ಥಾನ ಮಾತ್ರ ತಪ್ಪು. ಒಮ್ಮೆ ಎರಡು, ಒಮ್ಮೆ ಮೂರು, ಆಮೇಲೆ ಐದು ಎಂದು ಸರಿಯುತ್ತ ಹೋದರೆ ಮುಳ್ಳು ಜಾರುತ್ತಿದೆ. ನೀವು ನಾಲ್ಕು ಸಲ ಕಿತ್ತಿರುವುದರಿಂದ ಜಾರುತ್ತಿರುವ ಸಾಧ್ಯತೆಯೇ ಹೆಚ್ಚು. ಈ ಮುಳ್ಳಿನ ಕೊಳವೆಯ ಒಳರಂಧ್ರ ಕೇವಲ 0.25 ಮಿಲಿಮೀಟರ್, ಪ್ರತಿ ಸಲ ಕಿತ್ತು ಒತ್ತಿದಾಗಲೂ ಹಿತ್ತಾಳೆ ಸ್ವಲ್ಪ ಸ್ವಲ್ಪವೇ ಅಗಲವಾಗುತ್ತದೆ. ಸೊನ್ನೆಗೆ ಮರಳುವಾಗ ಮುಳ್ಳು ಕಣ್ಣೆವೆ ಮುಚ್ಚುವಷ್ಟರಲ್ಲಿ ಅರ್ಧ ಸುತ್ತು ತಿರುಗಿ ಥಟ್ಟನೆ ನಿಲ್ಲಬೇಕು. ನಿಮ್ಮ ಹೊಸ ಮುಳ್ಳು ಹಳೆಯದಕ್ಕಿಂತ ದಪ್ಪವಾಗಿದ್ದರೆ ಅಥವಾ ಅದರ ಹಿಂಬಾಲ ಭಾರವಾಗಿದ್ದರೆ, ಆ ಕ್ಷಣದಲ್ಲಿ ಪಿವಟ್ ನಿಂತರೂ ಮುಳ್ಳು ಮುಂದಕ್ಕೆ ಜಾರುತ್ತದೆ. ಬದಲಿ ಮುಳ್ಳುಗಳನ್ನು ಮಾರುವವರು ರಂಧ್ರದ ಅಳತೆ ಹೇಳುತ್ತಾರೆ, ತೂಕ ಹೇಳುವುದಿಲ್ಲ.

ಇದಕ್ಕೆ ಅಂಟು ಹಾಕುವ ಯೋಚನೆ ನಿಮಗೂ ಬಂದಿರಬಹುದು. ದಯವಿಟ್ಟು ಬೇಡ. ಅಂಟು ಆ ಸಪೂರ ಪಿವಟ್‌ನ ಉದ್ದಕ್ಕೂ ತಾನಾಗಿ ಇಳಿದು ಕೆಳಗಿನ ಕೊಳವೆಯನ್ನು ಹಿಡಿದರೆ ನಿಮಿಷದ ಮುಳ್ಳು, ಕ್ರೋನೋಗ್ರಾಫ್ ಚಕ್ರ ಎರಡೂ ಒಂದಾಗಿ ಹೋಗುತ್ತವೆ. ಸರಿಯಾದ ದಾರಿ ಎರಡು: ಕೊಳವೆಯನ್ನು ಅದಕ್ಕಾಗಿಯೇ ಇರುವ ಉಪಕರಣದಿಂದ ಕೂದಲೆಳೆಯಷ್ಟು ಬಿಗಿಗೊಳಿಸುವುದು ಅಥವಾ ಹೊಸ ಮುಳ್ಳನ್ನೇ ಹಾಕುವುದು. ಹಾಕುವಾಗ ಮೊದಲು ಯಂತ್ರವನ್ನು ಸೊನ್ನೆಗೆ ತಂದು, ಸುತ್ತಿಗೆ ಹೃದಯದ ಮೇಲೆ ಗಟ್ಟಿಯಾಗಿ ಕೂತಿರುವಾಗಲೇ ಮುಳ್ಳನ್ನು 12ಕ್ಕೆ ನೇರವಾಗಿ ಒತ್ತಬೇಕು, ಮತ್ತು ಒತ್ತುವಾಗ ಯಂತ್ರದ ಹಿಂಬದಿಯಲ್ಲಿ ಆ ಚಕ್ರದ ಜ್ಯೂವೆಲ್‌ಗೆ ಸರಿಯಾಗಿ ಕೆಳಗಿನಿಂದ ಆಧಾರ ಇರಬೇಕು. ಆಧಾರವಿಲ್ಲದೆ ಒತ್ತಿದರೆ ಜ್ಯೂವೆಲ್ ತನ್ನ ಜಾಗದಿಂದ ಕದಲುತ್ತದೆ, ಚಕ್ರಕ್ಕೆ ಮೇಲೆ ಕೆಳಗೆ ಆಡುವ ಸಡಿಲ ಹೆಚ್ಚುತ್ತದೆ, ಹೊಸದೊಂದು ದೋಷ ಸೇರಿಕೊಳ್ಳುತ್ತದೆ. ಕಲಿಯುವ ದಿನಗಳಲ್ಲಿ ನಾನೇ ಹೀಗೊಂದು ಜ್ಯೂವೆಲನ್ನು ಕದಲಿಸಿ, ಕಾರಣ ತಿಳಿಯದೆ ಎರಡು ವಾರ ಬೇರೆಲ್ಲ ಭಾಗಗಳನ್ನು ಅನುಮಾನಿಸಿದ್ದೆ.

ಮೂರನೆಯ ಸಾಧ್ಯತೆ, ಸುತ್ತಿಗೆ ಪೂರ್ತಿ ಕೂರದಿರುವುದು, ಹಲವು ಬಾರಿ ಯಂತ್ರದ ದೋಷವೇ ಅಲ್ಲ. ಯಂತ್ರವನ್ನು ಕೇಸ್‌ನಲ್ಲಿ ಹಿಡಿದಿಡುವ ಸುತ್ತುಂಗುರ ಒಂದು ಪಕ್ಕ ಎದ್ದಿದ್ದರೆ ಗುಂಡಿಯ ತುದಿ ಸನ್ನೆಯನ್ನು ಓರೆಯಾಗಿ ಮುಟ್ಟುತ್ತದೆ. ಹಾಗಾಗಿ ಕೇಸ್‌ನಿಂದ ಹೊರತೆಗೆದ ಯಂತ್ರದಲ್ಲಿ ಮರದ ಕಡ್ಡಿಯಿಂದ ಸನ್ನೆಯನ್ನು ಒತ್ತಿ ನೋಡಿ. ಅಲ್ಲಿ ಸರಿಯಾಗಿ ಮರಳಿ ಕೇಸ್‌ನೊಳಗೆ ಮಾತ್ರ ತಪ್ಪಿದರೆ, ಸರಿಪಡಿಸಬೇಕಾದದ್ದು ಕೇಸ್. 7750ರಲ್ಲಿ ಚಾಲೂ ಮಾಡುವ ಗುಂಡಿ ಮೂಲದಲ್ಲೇ ಸ್ವಲ್ಪ ಗಡುಸು, ಏಕೆಂದರೆ ಅದು ಕಂಬಚಕ್ರದ (ಸನ್ನೆಗಳನ್ನು ನಡೆಸುವ, ಸಣ್ಣ ಕಂಬಗಳಿರುವ ಚಕ್ರ) ಬದಲು ಕ್ಯಾಮ್ ಮೂಲಕ ನಡೆಯುವ ಯಂತ್ರ. ಅದನ್ನು ದೋಷವೆಂದು ತಿಳಿದು ಸ್ಪ್ರಿಂಗ್ ಬಗ್ಗಿಸಬೇಡಿ. ಕೈಯಾಡಿದಂತೆ ತಿರುಗುವ ಭಾರದ ತಟ್ಟೆಯಾದ ರೋಟರ್ ಒಂದು ದಿಕ್ಕಿನಲ್ಲಿ ಮಾತ್ರ ಕೀಲಿ ಕೊಟ್ಟು, ಇನ್ನೊಂದು ದಿಕ್ಕಿನಲ್ಲಿ ಗಿರ್ರನೆ ತಿರುಗಿ ಮಣಿಕಟ್ಟಿಗೆ ಅಲುಗಾಟ ಅನುಭವಕ್ಕೆ ಬರುವುದೂ ಅದರ ಸ್ವಭಾವವೇ. ಕ್ರೋನೋಗ್ರಾಫ್ ಸೇತುವೆಯ ಬಳಿ ಕಾಣುವ, ಸ್ಕ್ರೂವಿನಂತೆಯೇ ಸೀಳು ಇರುವ ಎಕ್ಸೆಂಟ್ರಿಕ್‌ಗಳನ್ನು ಮಾತ್ರ ಎಂದೂ ತಿರುಗಿಸಬೇಡಿ. ಅವು ಏನನ್ನೂ ಬಿಗಿಯುವುದಿಲ್ಲ. ಹಲ್ಲು ಹಲ್ಲಿಗೆ ಎಷ್ಟು ಆಳ ಕೂಡಬೇಕೆಂಬುದನ್ನು ನಿರ್ಧರಿಸುತ್ತವೆ, ಒಮ್ಮೆ ಕದಲಿದರೆ ಹಳೆಯ ಸ್ಥಾನ ಯಾವುದಿತ್ತೆಂದು ಯಾರಿಗೂ ತಿಳಿಯದು.

ಹೊಸ ಡಯಲ್ ಏಕೆ ಕೂಡುತ್ತಿಲ್ಲ ಎಂಬುದಕ್ಕೂ ಉತ್ತರ ಮೇಲೆ ಹೇಳಿದ್ದರಲ್ಲೇ ಇದೆ. ಉತ್ತಮ ದರ್ಜೆಯದು ಎಂದು ಮಾರುವ ಡಯಲನ್ನು ಬಹುಶಃ 4130ರ ಅಳತೆಗೆ ಮಾಡಿರುತ್ತಾರೆ. ಅದರ ಕಾಲುಗಳ ಜಾಗ ಬೇರೆ, ನಡುವಿನ ರಂಧ್ರದಿಂದ ಸಣ್ಣ ಡಯಲ್‌ಗಳ ರಂಧ್ರಕ್ಕೆ ಇರುವ ದೂರ ಬೇರೆ. ಆ ದೂರದಲ್ಲಿ 0.2 ಮಿಲಿಮೀಟರ್ ವ್ಯತ್ಯಾಸವಿದ್ದರೂ ಮುಳ್ಳಿನ ಕೊಳವೆ ರಂಧ್ರದ ಅಂಚಿಗೆ ಉಜ್ಜುತ್ತದೆ, ಆಗ ಮತ್ತೆ ಅದೇ ನಾಲ್ಕನೆಯ ಚಕ್ರದ ಮೇಲೆ ಇನ್ನೊಂದು ಹೊರೆ ಬೀಳುತ್ತದೆ. ಕಾಲುಗಳನ್ನು ಕತ್ತರಿಸಿ ಎರಡು ಬದಿ ಅಂಟುವ ಚುಕ್ಕೆಗಳ ಮೇಲೆ ಡಯಲ್ ಕೂಡಿಸುವವರಿದ್ದಾರೆ. ಮೂರು ಮುಳ್ಳಿನ ಸರಳ ವಾಚಿಗೆ ಇದು ಹೇಗೋ ಆದೀತು. ಕ್ರೋನೋಗ್ರಾಫ್‌ನಲ್ಲಿ ಡಯಲ್ ಸ್ವಲ್ಪ ಸರಿದರೂ ಸೂಜಿಯಷ್ಟು ಸಪೂರವಾದ ನಾಲ್ಕು ಪಿವಟ್‌ಗಳು ಒಟ್ಟಿಗೆ ಅಪಾಯಕ್ಕೆ ಸಿಗುತ್ತವೆ, ಆದ್ದರಿಂದ ನಾನು ಅದನ್ನು ಮಾಡುವುದಿಲ್ಲ, ನಿಮಗೂ ಹೇಳುವುದಿಲ್ಲ.

ಗಾಜಿನ ಒಳಗಿನ ಮಂಜಿನ ವಿಷಯ ಚಿಕ್ಕದು ಆದರೆ ತುರ್ತಿನದು, ಏಕೆಂದರೆ ತೇವ ಉಳಿದರೆ ಸ್ಪ್ರಿಂಗ್‌ಗಳಿಗೆ ತುಕ್ಕು ಹಿಡಿದು ಉಳಿದ ಎಲ್ಲ ಶ್ರಮವೂ ವ್ಯರ್ಥವಾಗುತ್ತದೆ. ಸಫೈರ್ ಗಾಜನ್ನು ಕೂಡಿಸುವಾಗ ಗ್ಯಾಸ್ಕೆಟ್ ಒಂದು ಕಡೆ ಮಡಚಿರಬಹುದು, ಅಥವಾ ಗಾಜಿನ ವ್ಯಾಸ ಒಂದು ಎಳೆಯಷ್ಟು ಕಡಿಮೆಯಿರಬಹುದು. ಗುಂಡಿಗಳ ಒಳಗಿನ ಸಣ್ಣ ರಬ್ಬರ್ ಉಂಗುರಗಳು ಸವೆದಿರುವುದೂ ಸಾಮಾನ್ಯ. ಹಿಂಬದಿ ಮುಚ್ಚಳದ ಮೇಲೆ 100 ಮೀಟರ್ ಎಂದು ಕೆತ್ತಿರುವುದನ್ನು ನಕಲಿ ವಾಚಿನಲ್ಲಿ ಅಲಂಕಾರವೆಂದೇ ಭಾವಿಸಬೇಕು. ಉಂಗುರಗಳನ್ನು ಬದಲಿಸಿ, ಸಿಲಿಕೋನ್ ಗ್ರೀಸ್ ಸವರಿ, ನೀರಿಲ್ಲದೆ ಗಾಳಿಯ ಒತ್ತಡದಲ್ಲಿ ಪರೀಕ್ಷಿಸುವ ಯಂತ್ರವಿರುವವರ ಬಳಿ ಒಮ್ಮೆ ನೋಡಿಸಿ. ಒಳಗೆ ತೇವ ಉಳಿದಿದೆಯೇ ಎಂದು ತಿಳಿಯಲು ವಾಚನ್ನು 40ರಿಂದ 45 ಡಿಗ್ರಿ ಸೆಲ್ಸಿಯಸ್‌ಗೆ ಹತ್ತು ಇಪ್ಪತ್ತು ನಿಮಿಷ ಬೆಚ್ಚಗಿಟ್ಟು, ಗಾಜಿನ ಮೇಲೆ ಒಂದು ಹನಿ ತಣ್ಣೀರು ಹಾಕಿ ಒಂದು ನಿಮಿಷದ ನಂತರ ಒರೆಸಿ. ಒಳಬದಿಯಲ್ಲಿ ಮಂಜು ಕಂಡರೆ ತೇವ ಇದೆ.

ಈಗ ನಿಮ್ಮ ಸ್ನೇಹಿತರ ಸಲಹೆಗೆ ಬರೋಣ. ಅಸಲಿ 7750 ಹಾಕಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಸದುದ್ದೇಶದ ಮಾತಾದರೂ ನಿಮ್ಮ ವಾಚಿಗೆ ಅನ್ವಯಿಸುವುದಿಲ್ಲ. ಅಸಲಿ 7750ರ ಮುಳ್ಳುಗಳು 12, 6 ಮತ್ತು 9ರ ಬಳಿ ಬರುತ್ತವೆ. ನಿಮ್ಮ ಡಯಲ್‌ನಲ್ಲಿ 12ರ ಕೆಳಗೆ ರಂಧ್ರವೇ ಇಲ್ಲ. ಸ್ವಿಸ್ ಮೂವ್‌ಮೆಂಟ್‌ಗಳಾದ ಇಟಿಎ 7753ರಲ್ಲಿ ಮತ್ತು ಸೆಲಿಟಾ ಎಸ್‌ಡಬ್ಲ್ಯೂ 510ರಲ್ಲಿ ಸಣ್ಣ ಡಯಲ್‌ಗಳು 3, 6, 9ರ ಬಳಿಯೇ ಇವೆ ನಿಜ, ಆದರೆ ಓಡುವ ಸೆಕೆಂಡ್ ಅಲ್ಲಿಯೂ 9ರ ಬಳಿ, 6ರ ಬಳಿ ಅಲ್ಲ. ಸಾಗಣೆಯ ತಟ್ಟೆಯನ್ನು ಅಸಲಿ 7750ರ ಮೇಲೆ ಕೂಡಿಸಿದರೆ ಬೆಲೆಬಾಳುವ ಯಂತ್ರಕ್ಕೆ ಅದೇ ಹಳೆಯ ಹೊರೆಯನ್ನು ಕಟ್ಟಿದಂತಾಗುತ್ತದೆ. ಬಿಡಿಭಾಗಗಳ ಮಟ್ಟಿಗೂ ಎಚ್ಚರಿಕೆ ಬೇಕು. ಪ್ರತಿರೂಪದಲ್ಲಿ ಕೆಲವು ಅಸಲಿ ಭಾಗಗಳು ಸಲೀಸಾಗಿ ಕೂಡುತ್ತವೆ, ಇನ್ನು ಕೆಲವು ಕೂಡಿದಂತೆ ಕಂಡು ಒಂದು ತಿಂಗಳ ನಂತರ ತೊಂದರೆ ಕೊಡುತ್ತವೆ, ಒಂದೇ ಕಾರ್ಖಾನೆಯಲ್ಲಿ ಬೇರೆ ಬೇರೆ ಸಲ ತಯಾರಾದ ಭಾಗಗಳ ನಡುವೆಯೂ ಅಳತೆ ಬದಲಾಗಿರುತ್ತದೆ. ಮೈಕ್ರೋಮೀಟರ್‌ನಿಂದ ಅಳೆಯದೆ ಯಾವ ಭಾಗವನ್ನೂ ಕೊಳ್ಳಬೇಡಿ.

ಹಾಗಾದರೆ ಏನು ಮಾಡಬಹುದು? ನನ್ನ ಮನಸ್ಸಿಗೆ ಹೆಚ್ಚು ಒಪ್ಪುವುದು ಸಾಗಣೆಯ ಚಕ್ರಗಳಲ್ಲಿ ಸಣ್ಣ ಸೆಕೆಂಡಿಗೆ ಸಂಬಂಧಿಸಿದವನ್ನು ಶಾಶ್ವತವಾಗಿ ತೆಗೆದು, ಯಂತ್ರವನ್ನು ತೊಳೆಸಿ, 6ರ ಬಳಿಯ ಮುಳ್ಳನ್ನು ಓಡದಂತೆ ಬಿಡುವುದು. ವಾಚ್ ನಡೆಯುತ್ತಿದೆಯೇ ಎಂದು ನೋಡಿದೊಡನೆ ತಿಳಿಯದು ಎಂಬ ಕೊರತೆ ಉಳಿಯುತ್ತದೆ; ಆದರೆ ಯಂತ್ರದ ಉಸಿರು ಮರಳುತ್ತದೆ, ಸ್ಟಾಪ್‌ವಾಚ್ ನಡೆಯುತ್ತದೆ. ಎರಡನೆಯದು ಅದೇ ಮಾದರಿಯ ಇಡೀ ಪ್ರತಿರೂಪ ಮೂವ್‌ಮೆಂಟನ್ನು ತಂದು ಹಾಕುವುದು. ಪೂರ್ತಿ ಬಿಚ್ಚಿ ತೊಳೆಸುವ ಕೂಲಿಗಿಂತ ಇದು ಅಗ್ಗವಾಗಿರುವುದೇ ಹೆಚ್ಚು, ಆದರೆ ಹುಟ್ಟುದೋಷ ಅದರಲ್ಲೂ ಇರುತ್ತದೆ, ಒಂದೆರಡು ವರ್ಷಗಳಲ್ಲಿ ನೀವು ಇದೇ ಪತ್ರವನ್ನು ಮತ್ತೆ ಬರೆಯಬೇಕಾಗಬಹುದು. 4130ರ ರಚನೆಯನ್ನೇ ಅನುಕರಿಸುವ ಹೊಸ ಪ್ರತಿರೂಪಗಳೂ ಇವೆ. ಅವುಗಳಲ್ಲಿ ಸಾಗಣೆಯ ಸಮಸ್ಯೆ ಇಲ್ಲ, ಆದರೆ ನಿಮ್ಮ ಕೇಸ್, ಡಯಲ್, ಸುತ್ತುಂಗುರ ಯಾವುದೂ ಅದಕ್ಕೆ ಹೊಂದುವುದಿಲ್ಲ. ಹೊಸ ವಾಚ್ ಕೊಂಡಂತೆಯೇ ಆಗುತ್ತದೆ.

ಮಾರ್ಪಾಡುಗಳ ಬಗ್ಗೆ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಬೇರೊಬ್ಬರ ಹೆಸರು ಮತ್ತು ಗುರುತನ್ನು ಹೊತ್ತ ವಾಚನ್ನು ತಯಾರಿಸಿ ಮಾರುವುದನ್ನು ಬಹುತೇಕ ಎಲ್ಲ ದೇಶಗಳ ಟ್ರೇಡ್‌ಮಾರ್ಕ್ ಕಾನೂನು ನಿಷೇಧಿಸುತ್ತದೆ. ನಿಮ್ಮ ವಾಚಿಗೆ ಅಸಲಿ ಕ್ರೌನ್, ಅಸಲಿ ಡಯಲ್, ಅಸಲಿ ಮುಳ್ಳು ಎಂದು ಒಂದೊಂದಾಗಿ ಸೇರಿಸುತ್ತ ಹೋದಂತೆ ಅದನ್ನು ನಕಲಿಯೆಂದು ಗುರುತಿಸುವುದು ಕಷ್ಟವಾಗುತ್ತ ಹೋಗುತ್ತದೆ. ನಾಳೆ ಅದು ನಿಮ್ಮ ಕೈ ದಾಟಿದಾಗ ಯಾರೋ ಒಬ್ಬರು ತಮ್ಮ ಉಳಿತಾಯದ ಹಣ ಕೊಟ್ಟು ಮೋಸಹೋಗುತ್ತಾರೆ. ಹಾಗೆ ಮೋಸಹೋಗಿ ಕೊಂಡ ವಾಚನ್ನು ಹಿಡಿದು ನನ್ನ ಮೇಜಿನ ಮುಂದೆ ಕೂತವರನ್ನು ಕಂಡಿದ್ದೇನೆ; ಮುಚ್ಚಳ ತೆರೆದು ನಿಜ ಹೇಳಬೇಕಾದ ಆ ಗಳಿಗೆ ನನಗೆ ಇಂದಿಗೂ ಕಷ್ಟದ್ದು. ಅದಕ್ಕಾಗಿಯೇ ನಾನು ನಕಲಿ ವಾಚನ್ನು ನಡೆಯುವಂತೆ ಮಾಡಿಕೊಡುತ್ತೇನೆ, ಅಸಲಿಯಂತೆ ಕಾಣುವಂತೆ ಮಾಡಿಕೊಡುವುದಿಲ್ಲ. ಆ ಡಯಲನ್ನು ಹಿಂದಿರುಗಿಸಲು ಸಾಧ್ಯವಿದ್ದರೆ ಹಿಂದಿರುಗಿಸಿ.

ನಿಮ್ಮ ಆಸಕ್ತಿ ಮಾತ್ರ ಬೆಲೆಯುಳ್ಳದ್ದು, ಅದಕ್ಕೆ ತಕ್ಕ ಯಂತ್ರ ಬೇಕು ಅಷ್ಟೇ. ಕೈ ಪಳಗಿಸಲು ಯುನಿಟಾಸ್ 6497 ಎಂಬ ಸ್ವಿಸ್ ಮೂವ್‌ಮೆಂಟ್‌ನ ಪ್ರತಿರೂಪವಾದ ಎಸ್‌ಟಿ 36 ಬಹಳ ಒಳ್ಳೆಯದು: 36.6 ಮಿಲಿಮೀಟರ್ ಅಗಲ, ದೊಡ್ಡ ಸ್ಕ್ರೂಗಳು, ಕಣ್ಣಿಗೆ ಕಾಣುವ ಪಿವಟ್‌ಗಳು, ಅಳತೆಗಳೆಲ್ಲ ತಿಳಿದವು. ಅದನ್ನು ಐದಾರು ಸಲ ಬಿಚ್ಚಿ ಕೂಡಿಸಿ, ಪ್ರತಿ ಸಲವೂ ಆಂಪ್ಲಿಟ್ಯೂಡ್ ಮೊದಲಿನಷ್ಟೇ ಬಂದಾಗ ಕ್ರೋನೋಗ್ರಾಫ್ ಮುಟ್ಟಿ. ಆಗ ಸೀಗಲ್ ಎಸ್‌ಟಿ 19 ಮೂವ್‌ಮೆಂಟ್ ಇರುವ, ಬೇರೊಬ್ಬರ ಹೆಸರಿಲ್ಲದ ವಾಚನ್ನು ಆರಿಸಿಕೊಳ್ಳಿ. 1960ರ ದಶಕದ ಆರಂಭದಲ್ಲಿ ಚೀನಾದ ತಿಯಾನ್‌ಜಿನ್ ಕಾರ್ಖಾನೆಯವರು ಸ್ವಿಟ್ಜರ್ಲೆಂಡಿನ ವೀನಸ್ 175 ಮೂವ್‌ಮೆಂಟ್‌ನ ಯಂತ್ರೋಪಕರಣಗಳನ್ನು ಪಡೆದು ಬೆಳೆಸಿದ ರಚನೆ ಅದು. ಕೈಯಿಂದ ಕೀಲಿ ಕೊಡುವ, ಕಂಬಚಕ್ರದ, ಗಂಟೆಗೆ 21,600 ಬಡಿತದ ಯಂತ್ರ. ಸನ್ನೆ, ಸುತ್ತಿಗೆ, ಹೃದಯ ಎಲ್ಲವೂ ಹಿಂಬದಿಯಲ್ಲಿ ತೆರೆದು ಕಾಣುವುದರಿಂದ ಗುಂಡಿ ಒತ್ತಿದಾಗ ಏನಾಗುತ್ತದೆಂದು ಕಣ್ಣಾರೆ ನೋಡಬಹುದು. ಅದಕ್ಕೆ ಹೊಂದುವ ಡಯಲ್ ಮತ್ತು ಮುಳ್ಳುಗಳೂ ಸಿಗುತ್ತವೆ.

ಸ್ಕ್ರೂಗಳ ಬಗ್ಗೆ ಕೊನೆಯದಾಗಿ: ಸ್ಕ್ರೂಡ್ರೈವರ್‌ನ ತುದಿ ಸೀಳಿನ ಪೂರ್ತಿ ಅಗಲಕ್ಕೆ, ಪೂರ್ತಿ ಆಳಕ್ಕೆ ಕೂರಬೇಕು. ಕೊಂಡಾಗ ಬರುವ ಬೆಣೆಯಾಕಾರದ ತುದಿ ಸೀಳಿನ ಮೇಲಂಚನ್ನಷ್ಟೇ ಹಿಡಿದು ಅದನ್ನು ಹರಿಯುತ್ತದೆ. ಎಣ್ಣೆಕಲ್ಲಿನ ಮೇಲೆ ತುದಿಯನ್ನು ಸಮಾನಾಂತರವಾಗಿ ತೀಡಿಕೊಳ್ಳಿ. ಹಾಳಾದ ಎರಡು ಸ್ಕ್ರೂಗಳು ಈಗ ಯಂತ್ರದಲ್ಲಿ ಬಿಗಿಯಾಗಿ ಕೂತಿದ್ದರೆ ಸದ್ಯಕ್ಕೆ ಹಾಗೆಯೇ ಇರಲಿ. ಬದಲಿ ಸ್ಕ್ರೂ ಕೈಗೆ ಬಂದು, ಅದರ ಎಳೆ ಹೊಂದುತ್ತದೆಂದು ಖಚಿತವಾದ ಮೇಲೆ ತೆಗೆಯಿರಿ.

ಈ ವಾರ ಮಾಡಬೇಕಾದದ್ದು ಎರಡೇ ಕೆಲಸ. ತೇವವನ್ನು ಮೊದಲು ಹೊರಹಾಕಿ: ಕ್ರೌನ್ ಎಳೆದು, ಹಿಂಬದಿ ಮುಚ್ಚಳ ತೆಗೆದು, ಸಿಲಿಕಾ ಜೆಲ್ ಇರುವ ಮುಚ್ಚಿದ ಡಬ್ಬಿಯಲ್ಲಿ ಎರಡು ದಿನ ಇಡಿ. ಆಮೇಲೆ ಕೀಲಿ ಪೂರ್ತಿ ಕೊಟ್ಟು, ಸ್ಟಾಪ್‌ವಾಚ್ ನಿಂತಿರುವಾಗ ಒಮ್ಮೆ, ಓಡುತ್ತಿರುವಾಗ ಒಮ್ಮೆ ಆಂಪ್ಲಿಟ್ಯೂಡ್ ಬರೆದಿಟ್ಟುಕೊಳ್ಳಿ. ಅಳೆಯುವ ಯಂತ್ರ ನಿಮ್ಮಲ್ಲಿ ಇಲ್ಲದಿದ್ದರೆ ವಾಚ್ ರಿಪೇರಿ ಮಾಡುವವರಾರಾದರೂ ಐದು ನಿಮಿಷದಲ್ಲಿ ನೋಡಿ ಹೇಳುತ್ತಾರೆ. ಆ ಎರಡು ಸಂಖ್ಯೆಗಳನ್ನು ನನಗೆ ಬರೆದು ಕಳುಹಿಸಿದರೆ, ಸಾಗಣೆಯ ಚಕ್ರಗಳನ್ನು ತೆಗೆಯಬೇಕೋ ಇಡೀ ಮೂವ್‌ಮೆಂಟನ್ನು ಬದಲಿಸಬೇಕೋ ಎಂಬುದನ್ನು ಊಹೆಯಿಲ್ಲದೆ ಹೇಳಬಲ್ಲೆ.